ಆನೆಗೆ ಏಳು ಕಾಲು, ಚಂದ್ರನಿಗೊಂದು ಬೆನ್ನು

ಓದುಗರ ಪ್ರಶ್ನೆ, ಚಿತ್ರಕಲಾ ಶಿಕ್ಷಕಿಯ ಉತ್ತರ
ಈ ಸಂಚಿಕೆಯಲ್ಲಿ: ಪುಟ್ಟ ಮಕ್ಕಳು ಬಿಡಿಸುವ ಚಿತ್ರಗಳು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಎದ್ದಾಗಿನಿಂದ ಮಲಗುವ ತನಕ ಏನಾದರೂ ಗೀಚುತ್ತಲೋ ಅಂಟಿಸುತ್ತಲೋ ಇರುತ್ತಾಳೆ. ಮೊನ್ನೆ ಆನೆ ಬಿಡಿಸಿದಳು. ಎಣಿಸಿದರೆ ಏಳು ಕಾಲು. ‘ಆನೆಗೆ ಎಷ್ಟು ಕಾಲು ಪುಟ್ಟಿ?’ ಅಂದೆ. ‘ನಾಲ್ಕು. ಆದ್ರೆ ಇದು ಓಡ್ತಾ ಇದೆಯಲ್ಲಪ್ಪ!’ ಅಂದಳು. ಮಾರನೆಯ ದಿನ ಹಾಳೆಯ ತುಂಬ ಹಳದಿ ಚುಕ್ಕೆ, ಒಂದು ಮೂಲೆಯಲ್ಲಿ ಎರಡು ದೊಡ್ಡ ಕಪ್ಪು ತೂತು. ಅದು ನನ್ನ ಸೀನಂತೆ, ತೂತು ನನ್ನ ಮೂಗಂತೆ! ಕಲ್ಲುಗಳಿಗೆ ಕಣ್ಣು ಬರೆದು, ‘ಈಗ ಇವಕ್ಕೆ ಕಾಣ್ತದೆ’ ಎಂದು ಎಲ್ಲವನ್ನೂ ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದ್ದಾಳೆ. ನನಗೆ ಖುಷಿ ತಡೆಯಲಾಗುತ್ತಿಲ್ಲ. ಕೆಲಸದ ಜಾಗದಲ್ಲಿ ಸಿಕ್ಕಿದವರಿಗೆಲ್ಲ ಫೋನ್ ತೆಗೆದು ತೋರಿಸುತ್ತೇನೆ. ನನ್ನ ತಾಯಿ ಮಾತ್ರ, ‘ನೀನು ನಗಾಡ್ತಾ ಕೂತ್ರೆ ತಪ್ಪೇ ಗಟ್ಟಿಯಾಗ್ತದೆ, ಸರಿಯಾಗಿ ಬಿಡಿಸೋದು ಹೇಳಿಕೊಡು’ ಅನ್ನುತ್ತಾರೆ. ನನ್ನ ಸಂತೋಷ ಅತಿಯಾಯಿತೇ? ಇದು ಪ್ರತಿಭೆಯೋ, ಎಲ್ಲ ಮಕ್ಕಳೂ ಹೀಗೆಯೋ? ಎರಡೂ ಚಿತ್ರಗಳ ಫೋಟೊ ಇಟ್ಟಿದ್ದೇನೆ.
– ಒಬ್ಬ ತಂದೆ

ಉತ್ತರ: ಅತಿಯಾಗಿಲ್ಲ. ಇನ್ನೂ ಸ್ವಲ್ಪ ಹೆಚ್ಚಿದರೂ ಅಡ್ಡಿಯಿಲ್ಲ.

ಸೀನಿನ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಚುಕ್ಕೆಗಳು ಮೂಗಿನ ಹತ್ತಿರ ಒತ್ತೊತ್ತಾಗಿವೆ, ದೂರ ಹೋದಂತೆ ವಿರಳವಾಗಿವೆ, ಹಾಳೆಯ ಆ ತುದಿಯಲ್ಲಿ ಎರಡೋ ಮೂರೋ ಮಾತ್ರ ಉಳಿದಿವೆ. ನೀವಿದನ್ನು ಗಮನಿಸಿದ್ದಿರಾ? ಕೈಗೆ ಬಂದಂತೆ ಕುಟ್ಟಿದ ಚುಕ್ಕೆಗಳಾಗಿದ್ದರೆ ಎಲ್ಲ ಕಡೆಯೂ ಒಂದೇ ಸಮ ಬೀಳುತ್ತಿದ್ದವು. ಸೀನು ಎಲ್ಲಿಂದ ಹೊರಟು ಹೇಗೆ ಚದುರುತ್ತದೆ ಎಂದು ಕಂಡವಳು ಹಾಕಿದ ಚುಕ್ಕೆಗಳಿವು. ಸೀನನ್ನು ಚಿತ್ರ ಮಾಡಬಹುದು ಎಂಬ ಯೋಚನೆ ದೊಡ್ಡವರಾದ ನಮಗೆ ಹೊಳೆಯುವುದೇ ಇಲ್ಲ. ನಮ್ಮ ತಲೆಯಲ್ಲಿ ಚಿತ್ರಕ್ಕೆ ಒಪ್ಪುವ ವಸ್ತುಗಳ ಒಂದು ಪಟ್ಟಿ ಆಗಲೇ ಸಿದ್ಧವಾಗಿರುತ್ತದೆ: ಮನೆ, ಮರ, ಬೆಟ್ಟ, ಎರಡು ಬೆಟ್ಟಗಳ ನಡುವೆ ಸೂರ್ಯ. ಅವಳ ಬಳಿ ಆ ಪಟ್ಟಿ ಇಲ್ಲ.

ಇನ್ನು ಆನೆ. ಇಟಲಿಯ ಜಿಯಾಕೊಮೊ ಬಲ್ಲಾ ಎಂಬ ಚಿತ್ರಕಾರ 1912ರಲ್ಲಿ ಒಂದು ಚಿತ್ರ ಬಿಡಿಸಿದರು. ಒಡತಿಯ ಜೊತೆ ಓಡೋಡುತ್ತ ನಡೆಯುವ ಗಿಡ್ಡ ನಾಯಿ. ಅದರ ಕಾಲುಗಳು ಎಣಿಕೆಗೆ ಸಿಗುವುದಿಲ್ಲ. ಬಾಲವೂ ಹಲವು, ಕೊರಳಿಗೆ ಕಟ್ಟಿದ ಸರಪಳಿಯೂ ಹಲವು. ಫ್ರಾನ್ಸಿನಲ್ಲಿ 1994ರಲ್ಲಿ ಪತ್ತೆಯಾದ ಶೋವೆ ಗುಹೆಯ ಗೋಡೆಯ ಮೇಲೆ ಎಂಟು ಕಾಲಿನ ಒಂದು ಕಾಡುಕೋಣವಿದೆ. ಅದನ್ನು ಬಿಡಿಸಿ 30 ಸಾವಿರ ವರ್ಷಗಳ ಮೇಲಾಗಿದೆ. ಅದು ಓಡುತ್ತಿರುವ ಕೋಣವೆಂದೇ ಅನೇಕ ತಜ್ಞರು ಓದುತ್ತಾರೆ. ಗುಹೆಯಲ್ಲಿದ್ದವರಿಗೆ, ಬಲ್ಲಾಗೆ, ನಿಮ್ಮ ಮಗಳಿಗೆ ಎದುರಾದ ಸಮಸ್ಯೆ ಒಂದೇ: ಚಿತ್ರ ಅಲ್ಲಾಡುವುದಿಲ್ಲ, ಪ್ರಾಣಿ ಓಡುತ್ತಿದೆ, ಏನು ಮಾಡುವುದು? ಮೂವರೂ ತಮ್ಮ ತಮ್ಮ ಪಾಡಿಗೆ ಒಂದೇ ಉಪಾಯ ಕಂಡುಕೊಂಡರು. ಇದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆನೆಗೆ ನಾಲ್ಕೇ ಕಾಲು ಎಂದು ಮೊಮ್ಮಗಳು ಮೊದಲೇ ಹೇಳಿಬಿಟ್ಟಿದ್ದಾಳೆ. ಗೊತ್ತಿಲ್ಲದೆ ಆದದ್ದನ್ನು ತಪ್ಪು ಅನ್ನೋಣ, ಇದು ಗೊತ್ತಿದ್ದು ಮಾಡಿದ ಆಯ್ಕೆ. ಗಟ್ಟಿಯಾಗುವ ಭಯವೂ ಬೇಡ. ತಲೆಯಿಂದಲೇ ನೇರ ಕೈಕಾಲು ಹೊರಡುವ ಮನುಷ್ಯರನ್ನು ನಾವೆಲ್ಲರೂ ಒಂದು ಕಾಲಕ್ಕೆ ಬಿಡಿಸಿದವರೇ. ಯಾರಿಗೂ ಅದು ಅಂಟಿಕೊಂಡು ಉಳಿಯಲಿಲ್ಲ.

ಪ್ರತಿಭೆಯೋ ಅಲ್ಲವೋ ಎಂದು ಕೇಳಿದ್ದೀರಿ. ನಾಲ್ಕೂವರೆ ವರ್ಷಕ್ಕೆ ಆ ತೀರ್ಪು ಯಾರಿಂದಲೂ ಸಾಧ್ಯವಿಲ್ಲ. ನಿಮ್ಮ ಸಂತೋಷಕ್ಕೆ ಆ ತೀರ್ಪು ಬೇಕಾಗಿಯೂ ಇಲ್ಲ. ಅವಳು ಮುಂದೆ ಚಿತ್ರಕಾರಳಾದರೆ ಮಾತ್ರ ಇವತ್ತಿನ ಸೀನಿಗೆ ಬೆಲೆಯೇ? ಅದು ಇವತ್ತೇ ಪೂರ್ತಿಯಾದ ಚಿತ್ರ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಅವಳ ಎದುರಿಗೆ ನೆಂಟರ ಹತ್ತಿರ ‘ಇವಳು ದೊಡ್ಡ ಕಲಾವಿದೆ’ ಎಂದು ಹೊಗಳಬೇಡಿ. ಮಕ್ಕಳು ಬಲು ಬೇಗ ಹೊಗಳಿಕೆಯ ಜಾಡು ಹಿಡಿಯುತ್ತಾರೆ. ಹೋದ ಸಲ ಎಲ್ಲರೂ ಮೆಚ್ಚಿದ್ದು ಏಳು ಕಾಲಿನ ಆನೆ ಎಂದು ತಿಳಿದರೆ ಎಂಟು ಕಾಲಿನದು, ಹತ್ತು ಕಾಲಿನದು ಬರುತ್ತದೆ, ಆದರೆ ಅವು ಓಡುತ್ತಿರುವುದಿಲ್ಲ. ಫೋನಿನಲ್ಲಿ ಇತರರಿಗೆ ತೋರಿಸುವ ಮೊದಲು ‘ತೋರಿಸಲಾ?’ ಎಂದು ಅವಳನ್ನು ಒಂದು ಮಾತು ಕೇಳಿ. ಬೇಡ ಅಂದರೆ ಬೇಡ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಓಡ್ತಾ ಇದೆಯಲ್ಲಪ್ಪ’ ಎಂಬ ಅವಳ ಮಾತನ್ನು ನೀವು ಹಾಗೆ ಹಾಗೇ ಬರೆದಿರುವುದು. ಆ ಮಾತಿಲ್ಲದಿದ್ದರೆ ನನ್ನ ಕೈಯಲ್ಲಿ ಇರುತ್ತಿದ್ದದ್ದು ಏಳು ಕಾಲಿನ ಒಂದು ದುಂಡನೆಯ ವಸ್ತು. ಚಿಕ್ಕ ಮಕ್ಕಳ ಚಿತ್ರದಲ್ಲಿ ಅರ್ಧ ಹಾಳೆಯ ಮೇಲಿರುತ್ತದೆ, ಇನ್ನರ್ಧ ಅವರ ಬಾಯಲ್ಲಿರುತ್ತದೆ. ಹಾಳೆಯನ್ನು ಜೋಪಾನ ಮಾಡುವ ಹೆತ್ತವರು ಬೇಕಾದಷ್ಟು ಜನ ಇದ್ದಾರೆ. ಮಾತನ್ನು ಬರೆದಿಡುವವರು ತೀರ ಕಡಿಮೆ.

ರಷ್ಯಾದ ನೊವ್ಗೊರೊದ್ ಊರಿನಲ್ಲಿ 1956ರಲ್ಲಿ ಉತ್ಖನನ ನಡೆದಾಗ, 13ನೆಯ ಶತಮಾನದ ಒಬ್ಬ ಹುಡುಗನ ಗೀಚುಗಳು ಸಿಕ್ಕವು. ಭೂರ್ಜ ಮರದ ತೊಗಟೆಯ ಮೇಲೆ ಮೊನೆಯಿಂದ ಕೊರೆದವು. ಹುಡುಗನ ಹೆಸರು ಓನ್ಫಿಮ್. ಆರೇಳು ವರ್ಷದವನಿರಬೇಕು ಎಂದು ತಜ್ಞರ ಅಂದಾಜು. ಅಕ್ಷರ ತಿದ್ದುತ್ತ ತಿದ್ದುತ್ತ ಪಕ್ಕದಲ್ಲಿ ಚಿತ್ರಕ್ಕೆ ಇಳಿದುಬಿಟ್ಟಿದ್ದಾನೆ. ಕುದುರೆಯ ಮೇಲೆ ಕೂತು ಶತ್ರುವನ್ನು ಈಟಿಯಿಂದ ತಿವಿಯುವ ಸವಾರ, ಪಕ್ಕದಲ್ಲಿ ತನ್ನದೇ ಹೆಸರು. ಅವನ ಮನುಷ್ಯರ ಕೈ ನೋಡಿದರೆ ಒಬ್ಬನಿಗೆ ಮೂರು ಬೆರಳು, ಇನ್ನೊಬ್ಬನಿಗೆ ಐದಕ್ಕೂ ಹೆಚ್ಚು. ಇನ್ನೊಂದು ತೊಗಟೆಯಲ್ಲಿ ಉದ್ದ ಕುತ್ತಿಗೆಯ, ಸುರುಳಿ ಬಾಲದ ಒಂದು ಪ್ರಾಣಿ. ನಾಯಿಯೋ ಕುದುರೆಯೋ ಎಂದು ನಾವು ತಲೆ ಕೆಡಿಸಿಕೊಳ್ಳಬೇಕಿತ್ತು. ಪುಣ್ಯಕ್ಕೆ ಅವನೇ ಬರೆದಿಟ್ಟಿದ್ದಾನೆ: ‘ನಾನು ಕಾಡುಮೃಗ’. ಎಂಟು ಶತಮಾನಗಳ ಹತ್ತಿರವಾಯಿತು, ಅದನ್ನು ಓದಿದಾಗ ಹುಡುಗ ಎದುರಿಗೇ ಬಂದು ಗುರ್ ಅಂದಂತಾಗುತ್ತದೆ. ಆ ಒಂದು ಸಾಲು ಇಲ್ಲದೆ ಹೋಗಿದ್ದರೆ?

ಓನ್ಫಿಮ್‌ಗೆ ಬರೆಯಲು ಬರುತ್ತಿತ್ತು, ನಿಮ್ಮ ಮಗಳಿಗೆ ಇನ್ನೂ ಬರುವುದಿಲ್ಲ. ಆದ್ದರಿಂದ ಬರೆಯುವವರು ನೀವಾಗಬೇಕು. ಹಾಳೆಯ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ತಾರೀಖು ಹಾಕಿ ಅವಳ ಮಾತನ್ನು ಅವಳ ಬಾಯಲ್ಲಿ ಬಂದಂತೆಯೇ ಬರೆಯಿರಿ. ‘ಕಾಣ್ತದೆ’ ಅಂದದ್ದನ್ನು ‘ಕಾಣುತ್ತದೆ’ ಎಂದು ತಿದ್ದಬೇಡಿ. ಕೇಳುವ ರೀತಿಯೂ ಮುಖ್ಯ. ‘ಇದೇನು?’ ಅಂದರೆ ‘ನನಗೆ ಗೊತ್ತಾಗಲಿಲ್ಲ, ನೀನು ಸರಿಯಾಗಿ ಬಿಡಿಸಿಲ್ಲ’ ಎಂದೇ ಮಗುವಿಗೆ ಕೇಳಿಸುತ್ತದೆ. ‘ಇದರ ಕಥೆ ಹೇಳ್ತೀಯಾ?’ ಅನ್ನಿ. ಹೇಳದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತಿರಿ, ಸಾಮಾನ್ಯವಾಗಿ ಬಿಡಿಸುತ್ತಲೇ ಹೇಳುತ್ತಾರೆ. ಆ ಗೊಣಗಾಟವೇ ಅಸಲಿ ಕಥೆ. ನಿಮ್ಮ ತಾಯಿಯವರನ್ನೂ ಒಂದು ಸಂಜೆ ಹಾಗೆ ಪಕ್ಕದಲ್ಲಿ ಕೂರಿಸಿ. ಅಜ್ಜಿಯಂದಿರಷ್ಟು ಚೆನ್ನಾಗಿ ಕಥೆ ಕೇಳುವವರು ಬೇರೆ ಯಾರಿದ್ದಾರೆ?

ಕಲ್ಲುಗಳ ಬಗ್ಗೆ ಒಂದು ಕೋರಿಕೆ. ಅವನ್ನು ಕಿಟಕಿಯ ಕಡೆಗೇ ಇರಲು ಬಿಡಿ. ಗುಡಿಸುವಾಗ ತೆಗೆದರೂ ಮತ್ತೆ ಹಾಗೇ ಇಡಿ, ಗೋಡೆಗೆ ಮುಖ ಮಾಡಿ ಇಡಬೇಡಿ.

ಪ್ರಶ್ನೆ: ಮಗನಿಗೆ ಮೂರು ವರ್ಷ. ಹಾಳೆಯ ತುಂಬ ಸುರುಳಿ ಸುತ್ತುತ್ತಾನೆ. ಮುಗಿಸಿ ‘ಇದು ಅಮ್ಮ’ ಅನ್ನುತ್ತಾನೆ. ನಾನು ಖುಷಿಯಿಂದ ಎತ್ತಿಟ್ಟುಕೊಂಡರೆ, ಸ್ವಲ್ಪ ಹೊತ್ತಿಗೆ ಅದೇ ಹಾಳೆ ‘ಬಸ್ಸು’ ಆಗಿರುತ್ತದೆ. ರಾತ್ರಿಗೆ ‘ದೊಡ್ಡ ಶಬ್ದ’. ಸುಮ್ಮನೆ ಏನೋ ಹೇಳುತ್ತಿದ್ದಾನೆಯೇ? ಯಾವುದನ್ನು ಬರೆದಿಡಲಿ?
– ಒಬ್ಬ ತಾಯಿ

ಉತ್ತರ: ಮೂರನ್ನೂ ಬರೆದಿಡಿ. ಮೂರೂ ನಿಜ.

ಈ ವಯಸ್ಸಿನಲ್ಲಿ ಕೈ ಮೊದಲು ಓಡುತ್ತದೆ, ಅರ್ಥ ಆಮೇಲೆ ಬರುತ್ತದೆ. ಸುತ್ತಿದ ಸುರುಳಿಯನ್ನು ನೋಡಿದಾಗ ಅದರಲ್ಲಿ ಏನೋ ಕಾಣುತ್ತದೆ, ಕಂಡದ್ದಕ್ಕೆ ಹೆಸರಿಡುತ್ತಾನೆ. ಮತ್ತೆ ನೋಡಿದಾಗ ಬೇರೆಯದು ಕಾಣುತ್ತದೆ. ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ ಎಂಬ ತತ್ವಶಾಸ್ತ್ರಜ್ಞ ಇದನ್ನು ವಿವರವಾಗಿ ಬರೆದಿದ್ದಾರೆ. ಅವರು ಇದನ್ನು ಕಲಿತದ್ದು ಹೇಗೆ ಎಂದು ಗೊತ್ತಾದರೆ ನಿಮಗೆ ಸಂತೋಷವಾದೀತು. ತಮ್ಮ ಮಗಳು ಸಿಮೋನ್ ಚಿಕ್ಕಂದಿನಿಂದ ಬಿಡಿಸಿದ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು, ಅವಳು ಆಡಿದ ಮಾತುಗಳ ಸಮೇತ ಕೂಡಿಟ್ಟು, 1913ರಲ್ಲಿ ಅದರ ಮೇಲೆಯೇ ಒಂದು ಗ್ರಂಥ ಪ್ರಕಟಿಸಿದರು. ಒಬ್ಬ ಅಪ್ಪನ ಅಕ್ಕರೆಯಿಂದ ಒಂದು ಶಾಸ್ತ್ರಕ್ಕೆ ತಳಪಾಯ ಬಿತ್ತು.

ಸುರುಳಿಯನ್ನೂ ಕಡೆಗಣಿಸಬೇಡಿ. ಅಮೆರಿಕದ ರೋಡಾ ಕೆಲಾಗ್ ಜಗತ್ತಿನ ನಾನಾ ಕಡೆಯ ಮಕ್ಕಳ ಹತ್ತು ಲಕ್ಷದಷ್ಟು ಚಿತ್ರಗಳನ್ನು ಸೇರಿಸಿದರು. ಗೀಚುಗಳಲ್ಲೇ 20 ಮೂಲ ಬಗೆಗಳಿವೆ ಎಂದು ವಿಂಗಡಿಸಿದರು: ಚುಕ್ಕೆ, ನೆಟ್ಟಗಿನ ಗೆರೆ, ಅಡ್ಡಗೆರೆ, ಅಂಕುಡೊಂಕು, ಸುರುಳಿ, ಮುಚ್ಚಿದ ಸುತ್ತು, ಹೀಗೆ. ಸುತ್ತು ಮುಚ್ಚಿಕೊಳ್ಳುವ ದಿನ ದೊಡ್ಡ ದಿನ. ಒಳಗೆ ಹೊರಗೆ ಎಂಬುದು ಹಾಳೆಯ ಮೇಲೆ ಹುಟ್ಟುವುದು ಆಗ. ಆ ಸುತ್ತಿನ ಅಂಚಿಗೆ ಕಡ್ಡಿಗಳು ಹುಟ್ಟಿ ಸೂರ್ಯನಾಗುತ್ತದೆ. ಕಡ್ಡಿಗಳು ಕಡಿಮೆಯಾಗಿ, ಎರಡು ಕೆಳಕ್ಕಿಳಿದು, ಒಳಗೆ ಎರಡು ಕಣ್ಣು ಮೂಡಿದರೆ ಗೊದಮೊಟ್ಟೆಯಂಥ ಮನುಷ್ಯ ಸಿದ್ಧ. ನಿಮ್ಮ ಮನೆಯಲ್ಲಿ ಅವನು ಇನ್ನೇನು ಬರುವವನಿದ್ದಾನೆ. ಬಂದ ದಿನ ತಾರೀಖು ಹಾಕುವುದನ್ನು ಮರೆಯಬೇಡಿ. ಮೊದಲ ಹೆಜ್ಜೆಯ ತಾರೀಖು ನೆನಪಿಟ್ಟುಕೊಳ್ಳುವ ನಾವು ಮೊದಲ ಮನುಷ್ಯನ ತಾರೀಖನ್ನು ಮರೆತುಬಿಡುತ್ತೇವೆ.

‘ದೊಡ್ಡ ಶಬ್ದ’ದ ವಿಷಯ: ಅವನು ಸುರುಳಿ ಸುತ್ತುವಾಗ ಬಾಯಿಂದ ಸದ್ದು ಮಾಡುತ್ತಾನಾ ನೋಡಿ. ನನ್ನ ತರಗತಿಯಲ್ಲಿ ಮೂರು ವರ್ಷದವರು ಬಸ್ಸಿನ ಆಕಾರ ಬಿಡಿಸುವುದು ಅಪರೂಪ. ಬಸ್ಸು ಹೋಗುವುದನ್ನು ಬಿಡಿಸುತ್ತಾರೆ. ‘ಡುರ್ರ್’ ಎಂದು ಹಾಳೆಯ ಈ ತುದಿಯಿಂದ ಆ ತುದಿಗೆ ಎಳೆದ ಗೆರೆಯೇ ಬಸ್ಸು.

ಪ್ರಶ್ನೆ: ಆರು ವರ್ಷದ ಮಗಳು ಬೆಕ್ಕು ಬಿಡಿಸಿದರೆ ಹೊಟ್ಟೆಯೊಳಗಿನ ಮರಿಗಳೂ ಕಾಣುತ್ತವೆ. ಕಾರಿಗೆ ನಾಲ್ಕು ಚಕ್ರವನ್ನೂ ಒಂದೇ ಸಾಲಿನಲ್ಲಿ ಇಡುತ್ತಾಳೆ. ನನ್ನ ಚಿತ್ರದಲ್ಲಿ ಕೈಗಳೇ ಇಲ್ಲ, ಕೇಳಿದರೆ ‘ನಿನ್ನ ಕೈ ಅಡುಗೆಮನೇಲಿ ಇದೆ’ ಅನ್ನುತ್ತಾಳೆ. ನನಗೆ ನಗುವೂ ಬರುತ್ತದೆ, ಕಣ್ಣೀರೂ ಬರುತ್ತದೆ. ಎದುರಿಗಿದ್ದದ್ದನ್ನು ನೋಡಿ ಬಿಡಿಸುವುದು ಯಾವಾಗ ಕಲಿಯುತ್ತಾಳೆ?
– ಒಬ್ಬ ತಾಯಿ

ಉತ್ತರ: ಅವಳು ನೋಡಿಯೇ ಬಿಡಿಸುತ್ತಿದ್ದಾಳೆ. ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದಕ್ಕೆ ಹೆಚ್ಚು ನಿಷ್ಠೆ ತೋರಿಸುತ್ತಿದ್ದಾಳೆ, ಅಷ್ಟೆ. ಬೆಕ್ಕಿನ ಹೊಟ್ಟೆಯಲ್ಲಿ ಮರಿಗಳಿರುವುದು ಅವಳಿಗೆ ಗೊತ್ತು. ಗೊತ್ತಿದ್ದೂ ಬಿಡಿಸದೆ ಇರುವುದು ಅವಳ ಲೆಕ್ಕದಲ್ಲಿ ಮುಚ್ಚಿಟ್ಟಂತೆ. ಕಾರಿಗೆ ಚಕ್ರ ನಾಲ್ಕು, ಆಚೆ ಬದಿಯ ಎರಡನ್ನು ಬಿಟ್ಟರೆ ಕಾರು ಬಿದ್ದುಹೋಗುವುದಿಲ್ಲವೇ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬ ಸಂಶೋಧಕರು 1972ರಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳ ಮುಂದೆ ಟೀ ಕುಡಿಯುವಂಥ ಒಂದು ಕಪ್ಪು ಇಟ್ಟರು. ಅದರ ಹಿಡಿಕೆ ಹಿಂದಕ್ಕೆ ತಿರುಗಿತ್ತು, ಕೂತಲ್ಲಿಂದ ಕಾಣುತ್ತಿರಲಿಲ್ಲ. ಕಪ್ಪಿನ ಮೈಮೇಲೆ ಎದುರಿಗೆ ಕಾಣುವಂತೆ ಹೂವಿನ ಒಂದು ಚಿತ್ರವಿತ್ತು. ಚಿಕ್ಕವರು ಕಾಣದ ಹಿಡಿಕೆಯನ್ನು ಬಿಡಿಸಿದರು, ಕಾಣುವ ಹೂವನ್ನು ಬಿಟ್ಟರು. ಎಂಟು ವರ್ಷ ದಾಟಿದವರು ಹೂವನ್ನು ಬಿಡಿಸಿ ಹಿಡಿಕೆಯನ್ನು ಬಿಟ್ಟರು. ಚಿಕ್ಕವರದು ಕಪ್ಪು ಎಂದರೆ ಏನು ಎಂಬುದರ ಚಿತ್ರ, ದೊಡ್ಡವರದು ಇಲ್ಲಿ ಕೂತವರಿಗೆ ಕಾಣುವ ಕಪ್ಪಿನ ಚಿತ್ರ. ಎರಡನೆಯದನ್ನು ನಿಮ್ಮ ಮಗಳು ಇನ್ನು ಎರಡು ಮೂರು ವರ್ಷಗಳಲ್ಲಿ ತಾನಾಗಿಯೇ ಕಲಿಯುತ್ತಾಳೆ, ಆತುರ ಬೇಡ. ಹೊಟ್ಟೆಯೊಳಗಿನ ಮರಿಗಳು ಕಾಣಿಸುವ ಕಾಲ ಮತ್ತೆ ಬರುವುದಿಲ್ಲ.

ನನ್ನ ಮಗ ಐದು ವರ್ಷದವನಿದ್ದಾಗ ತನ್ನದೇ ಚಿತ್ರವನ್ನು ಮೊಣಕಾಲಿನವರೆಗೆ ಬಿಡಿಸಿ, ‘ಪಾದ ಹಾಳೆಯಿಂದ ಆಚೆ ಹೋಗಿ ಆಡ್ತಾ ಇದೆ’ ಅಂದಿದ್ದ. ತರಗತಿಯ ಒಬ್ಬಳು ಹುಡುಗಿ ಹಾಳೆಯನ್ನೆಲ್ಲ ಕಪ್ಪು ಮಾಡಿ, ಅದರೊಳಗೆ ಇನ್ನೂ ಕಪ್ಪಾದ ಒಂದು ಗುಂಡು ಬಿಡಿಸಿದಳು. ಒತ್ತಿ ಒತ್ತಿ ಕ್ರೆಯಾನ್ ಮುರಿದಿತ್ತು. ಅದು ಚಂದ್ರನ ಬೆನ್ನಂತೆ. ‘ಚಂದ್ರ ಆ ಕಡೆಯವರನ್ನ ನೋಡ್ತಿದಾನೆ’ ಎಂದಳು. ಆ ಹಾಳೆ ಇಂದಿಗೂ ನನ್ನ ಬಳಿ ಇದೆ, ಹಿಂದೆ ಆ ಮಾತೂ ಇದೆ. ಅದನ್ನು ಓದದೆ ನೋಡುವವರಿಗೆ ಬರೀ ಮಸಿ.

ಅಡುಗೆಮನೆಯಲ್ಲಿರುವ ಕೈಗಳ ಮಾತು ನನಗೂ ನಾಟಿತು. ಆದರೆ ಅದನ್ನು ದೂರು ಎಂದು ತಿಳಿದು ಕೊರಗಬೇಡಿ. ಅಮ್ಮನ ಕೈ ಎಲ್ಲಿರುತ್ತದೆ ಎಂದು ಅವಳು ಗಮನಿಸಿದ್ದಾಳೆ, ಗಮನಿಸಿದ್ದನ್ನು ಹೇಳಿದ್ದಾಳೆ. ಒಂದು ದಿನ ಆ ಕೈಗಳಿಗೂ ಕ್ರೆಯಾನ್ ಹಿಡಿಸಿ ಅವಳ ಪಕ್ಕ ಕೂತು ನಿಮ್ಮದೇ ಏನಾದರೂ ಗೀಚಿ. ಅವಳ ಹಾಳೆಯ ಮೇಲೆ ಬೇಡ, ನಿಮ್ಮ ಹಾಳೆಯ ಮೇಲೆ.

ಪ್ರಶ್ನೆ: ಐದು ವರ್ಷದ ಮಗ ಎಲ್ಲವನ್ನೂ ಕಪ್ಪಿನಲ್ಲೇ ಬಿಡಿಸುತ್ತಾನೆ. ಮನಸ್ಸಿನಲ್ಲಿ ನೋವಿದ್ದರೆ ಹೀಗೆ ಎಂದು ಯಾರೋ ಹೆದರಿಸಿದರು.
– ಒಬ್ಬ ತಂದೆ

ಉತ್ತರ: ಹೆದರಬೇಡಿ. ಬಿಳಿ ಹಾಳೆಯ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಬಣ್ಣ ಕಪ್ಪು. ಗೆರೆಯ ಮೇಲೆ ಆಸಕ್ತಿ ಇರುವ ಮಗು ಅದನ್ನೇ ಎತ್ತಿಕೊಳ್ಳುತ್ತದೆ. ಒಮ್ಮೆ ಕಪ್ಪು ಹಾಳೆ ಕೊಟ್ಟು ನೋಡಿ, ಬಿಳಿಯನ್ನೋ ಹಳದಿಯನ್ನೋ ಹುಡುಕಿದರೂ ಹುಡುಕಬಹುದು. ಒಂದು ಬಣ್ಣದಿಂದ ಮಗುವಿನ ಮನಸ್ಸನ್ನು ಓದುತ್ತೇವೆ ಅನ್ನುವವರ ಮಾತಿಗೆ ಆಧಾರವಿಲ್ಲ. ಮಗುವಿನ ನಿದ್ದೆ, ಊಟ, ಆಟ, ಮಾತು ಇದ್ದಕ್ಕಿದ್ದಂತೆ ಬದಲಾಗಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಆಗ ಬಣ್ಣ ಯಾವುದಾಗಿದ್ದರೂ ಹೋಗಿ.

ಪ್ರಶ್ನೆ: ಮೊಮ್ಮಗ ಒಂದು ಚಿತ್ರ ಮುಗಿಸಿದರೆ ಒಂದು ನಕ್ಷತ್ರದ ಸ್ಟಿಕ್ಕರ್, ಹತ್ತು ನಕ್ಷತ್ರಕ್ಕೆ ಒಂದು ಆಟಿಕೆ ಎಂದು ಏರ್ಪಾಟು ಮಾಡಿದ್ದೇನೆ. ಮೊದಲು ಬಹಳ ಬಿಡಿಸಿದ. ಈಗ ಒಂದು ಗೆರೆ ಎಳೆದು ‘ಮುಗೀತು ತಾತ, ನಕ್ಷತ್ರ ಕೊಡು’ ಅನ್ನುತ್ತಾನೆ.
– ಒಬ್ಬ ಅಜ್ಜ

ಉತ್ತರ: ಪ್ರೀತಿಯಿಂದ ಮಾಡಿದ ಏರ್ಪಾಟು, ಅದರಲ್ಲಿ ಸಂಶಯವಿಲ್ಲ. ಆದರೂ ನಿಲ್ಲಿಸಿಬಿಡಿ ಎಂದು ಕೇಳಿಕೊಳ್ಳುತ್ತೇನೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೀವು ಹೇಳಿದ್ದನ್ನೇ ಹೇಳುತ್ತದೆ. ಚಿತ್ರ ಬಿಡಿಸುವುದೆಂದರೆ ಮೊದಲಿನಿಂದಲೂ ಇಷ್ಟವಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬಿಡಿಸಿದರೆ ಚಿನ್ನದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಮೊದಲು ಹೇಳದೆ ಕೊನೆಯಲ್ಲಿ ಕೊಟ್ಟರು. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ತರಗತಿಯಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಮುಂಚೆಯೇ ಮಾತು ಕೊಟ್ಟಿದ್ದ ಗುಂಪಿನ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಸುಳಿದರು. ಹೇಳದೆ ಕೊಟ್ಟವರಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ನಕ್ಷತ್ರದ ಬದಲು ನಿಮ್ಮ ಹೊತ್ತು ಕೊಡಿ. ಚಿತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ‘ಈ ಗೆರೆ ಇಲ್ಲಿಗೆ ಬಂದು ಯಾಕೆ ತಿರುಗಿತು?’ ಎಂದು ಕೇಳಿ. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಅದು ಮಗುವಿಗೆ ಹೆಚ್ಚು. ಚೆನ್ನಾಗಿದೆ ಅನ್ನಲು ನೋಡಲೇಬೇಕೆಂದಿಲ್ಲ, ಈ ಪ್ರಶ್ನೆ ಕೇಳಬೇಕಾದರೆ ನೋಡಲೇಬೇಕು. ಮೊದಮೊದಲು ನಕ್ಷತ್ರಕ್ಕೆ ಹಟ ಮಾಡಿಯಾನು, ಸಹಿಸಿಕೊಳ್ಳಿ.

ಪ್ರಶ್ನೆ: ಮನೆಯ ತುಂಬ ಹಾಳೆ. ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಜೊತೆಗೆ ಈಗ ಗೋಡೆಗೂ ಬಂದಿದ್ದಾಳೆ. ಏನು ಇಟ್ಟುಕೊಳ್ಳಲಿ?
– ಒಬ್ಬ ತಾಯಿ

ಉತ್ತರ: ಎಲ್ಲವನ್ನೂ ಇಡಲಾಗುವುದಿಲ್ಲ, ಇಡಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಅವಳನ್ನೇ ಪಕ್ಕ ಕೂರಿಸಿಕೊಂಡು ಆರಿಸಿ. ಅವಳು ಆರಿಸಿದ್ದು ಕೆಲವು, ನೀವು ಆರಿಸಿದ್ದು ಕೆಲವು. ನಿಮ್ಮಿಬ್ಬರ ಆಯ್ಕೆ ಬೇರೆ ಬೇರೆ ಆಗಿರುತ್ತದೆ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ನಮಗೆ ಮುದ್ದಾದದ್ದು ಬೇಕು, ಅವರಿಗೆ ಕಷ್ಟಪಟ್ಟದ್ದು ಬೇಕು. ಹಿಂದೆ ಮಾತು ಬರೆದಿರುವ ಹಾಳೆಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಉಳಿದವುಗಳ ಫೋಟೊ ತೆಗೆದು ಸಾಗಹಾಕಿ, ಅವಳ ಎದುರಿಗೆ ಹರಿಯಬೇಡಿ. ಮಣ್ಣಿನ, ಕಲ್ಲಿನ, ಡಬ್ಬಿ ಜೋಡಿಸಿ ಮಾಡಿದ ವಸ್ತುಗಳಿಗೆ ಫೋಟೊ ಒಂದೇ ದಾರಿ. ಅವಳ ಕಣ್ಣಿನ ಎತ್ತರಕ್ಕೆ ಬಗ್ಗಿ ತೆಗೆಯಿರಿ, ಮೇಲಿನಿಂದ ತೆಗೆದರೆ ಅವಳ ಅರಮನೆ ಬರೀ ಡಬ್ಬಿಗಳ ರಾಶಿಯಾಗಿ ಕಾಣುತ್ತದೆ. ಹಾಳೆಗಳನ್ನು ಮಡಚದೆ, ಮಟ್ಟವಾಗಿ, ಬೆಳಕು ಬೀಳದ ಕಡೆ ಇಡಿ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಕ್ರೆಯಾನ್ ಮೇಣದ್ದಾದ್ದರಿಂದ ಮಾಸುವುದು ಕಡಿಮೆ, ಆದರೆ ಸೆಕೆಗೆ ಮೆತ್ತಗಾಗಿ ಎದುರಿನ ಹಾಳೆಗೆ ಅಂಟುತ್ತದೆ, ನಡುವೆ ಒಂದು ತೆಳು ಕಾಗದ ಇರಲಿ.

ಇಟ್ಟುಕೊಂಡವರ ಕಥೆ ಎರಡು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಚಿತ್ರಕಾರ ಪಾಲ್ ಕ್ಲೇ ದೊಡ್ಡವರಾದ ಮೇಲೆ, ತಾವು ಬಾಲ್ಯದಲ್ಲಿ ಬಿಡಿಸಿದ ಚಿತ್ರಗಳು ಮನೆಯಲ್ಲಿ ಸಿಕ್ಕಾಗ ಅವುಗಳಲ್ಲಿ ಕೆಲವನ್ನು ತಮ್ಮ ಕೃತಿಗಳ ಅಧಿಕೃತ ಪಟ್ಟಿಯಲ್ಲೇ ಸೇರಿಸಿದರು. ಇನ್ನೊಂದು ಚಾರ್ಲ್ಸ್ ಡಾರ್ವಿನ್ ಮನೆಯದು. ಜೀವಜಾತಿಗಳು ಹೇಗೆ ಉಂಟಾದವು ಎಂದು ವಿವರಿಸಿ 1859ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಕೆಲವೇ ಹಾಳೆಗಳು. ಅಚ್ಚಾದ ಮೇಲೆ ಕೈಬರಹಕ್ಕೆ ಬೆಲೆಯಿಲ್ಲವೆಂದು ರದ್ದಿಯಾಗಿ ಮಕ್ಕಳ ಕೈ ಸೇರಿತ್ತು. ಮಕ್ಕಳು ಅದರ ಹಿಂಬದಿಯಲ್ಲಿ ಚಿತ್ರ ಬಿಡಿಸಿದರು. ಒಂದರಲ್ಲಿ ಹಣ್ಣು ತರಕಾರಿಗಳ ಮೇಲೆ ಸವಾರಿ ಮಾಡುವ ಸೈನಿಕರ ಯುದ್ಧವೇ ಇದೆ. ಮಕ್ಕಳ ಚಿತ್ರವೆಂದು ಜೋಪಾನವಾಗಿ ಇಟ್ಟದ್ದರಿಂದ ಅವುಗಳ ಬೆನ್ನಿಗಿದ್ದ ಡಾರ್ವಿನ್ನರ ಬರಹವೂ ಉಳಿಯಿತು. ನನಗೆ ಈ ಸಂಗತಿ ಎಷ್ಟು ಸಲ ಹೇಳಿದರೂ ಸಾಲದು.

ಗೋಡೆ: ಅವಳ ಹೆಗಲ ಎತ್ತರಕ್ಕೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ, ‘ಇದು ನಿನ್ನ ಗೋಡೆ’ ಅನ್ನಿ. ನಿಂತು, ತೋಳನ್ನು ಪೂರ್ತಿ ಬೀಸಿ ಬಿಡಿಸುವ ಸುಖ ಸಣ್ಣ ಹಾಳೆಯಲ್ಲಿ ಸಿಗುವುದಿಲ್ಲ, ಅದಕ್ಕೇ ಮಕ್ಕಳು ಗೋಡೆಗೆ ಬರುವುದು. ಅಂಚಿನಿಂದ ಆಚೆ ಹೋದ ಗೆರೆಗಳನ್ನು ಇಬ್ಬರೂ ಸೇರಿ ಒರೆಸಿ.

ಪ್ರಶ್ನೆ: ಮಗನಿಗೆ ಎಂಟೂವರೆ. ಮೊದಲು ರೆಕ್ಕೆಯಿರುವ ಕುರ್ಚಿ, ಚಪ್ಪಲಿ ಹಾಕಿದ ಮೋಡ ಎಂದೆಲ್ಲ ಬಿಡಿಸುತ್ತಿದ್ದ. ನಾವೆಲ್ಲ ಎಷ್ಟು ಖುಷಿಪಡುತ್ತಿದ್ದೆವು! ಈಗ ಸೈಕಲ್ ಬಿಡಿಸಬೇಕೆಂದು ಕೂತು, ಅಳಿಸಿ ಅಳಿಸಿ, ‘ನಂಗೆ ಬರಲ್ಲ, ನೀನೇ ಬಿಡಿಸಿಕೊಡಮ್ಮ’ ಎಂದು ಅಳುತ್ತಾನೆ. ಆ ಹಳೆಯ ಹುಡುಗ ಎಲ್ಲಿ ಹೋದ?
– ಒಬ್ಬ ತಾಯಿ

ಉತ್ತರ: ನಿಮ್ಮ ಹುಡುಗ ಎಲ್ಲೂ ಹೋಗಿಲ್ಲ, ಅವನ ಕಣ್ಣು ಕೈಯನ್ನು ದಾಟಿ ಮುಂದೆ ಹೋಗಿದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯ ಹಂತಗಳನ್ನು ವಿವರಿಸಿದಾಗ, ಒಂಬತ್ತರ ಆಸುಪಾಸಿನಲ್ಲಿ ‘ನಿಜದಂತೆ ಕಾಣಬೇಕು’ ಎಂಬ ಹಂಬಲ ಹುಟ್ಟುತ್ತದೆ ಎಂದು ಗುರುತಿಸಿದರು. ನನ್ನ ಅನುಭವದಲ್ಲಿ ಎಷ್ಟೋ ಮಕ್ಕಳು ಚಿತ್ರವನ್ನು ಬಿಟ್ಟುಬಿಡುವುದು ಈ ತಿರುವಿನಲ್ಲೇ. ಆದ್ದರಿಂದ ಈ ಅಳುವನ್ನು ನೀವು ಗಂಭೀರವಾಗಿ ತೆಗೆದುಕೊಂಡದ್ದು ಒಳ್ಳೆಯದಾಯಿತು.

‘ಚೆನ್ನಾಗಿಯೇ ಇದೆಯಲ್ಲೋ’ ಎಂದು ಸಮಾಧಾನ ಮಾಡಬೇಡಿ. ಚೆನ್ನಾಗಿಲ್ಲ ಎಂದು ಅವನಿಗೆ ಕಾಣುತ್ತಿದೆ, ಆ ಮಾತಿನಿಂದ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ನೀವೇ ಬಿಡಿಸಿಯೂ ಕೊಡಬೇಡಿ. ಇಷ್ಟು ದಿನ ಕಲಿಸಬೇಡಿ ಎಂದು ಎಲ್ಲರಿಗೂ ಹೇಳುತ್ತ ಬಂದವಳು ನಾನು, ಆದರೆ ಕಲಿಸು ಎಂದು ಮಗುವೇ ಕೇಳಿದ ದಿನ ಕಲಿಸಬೇಕು. ಅವನನ್ನು ಒಂದು ನಿಜವಾದ ಸೈಕಲ್ಲಿನ ಪಕ್ಕ ನೆಲದ ಮೇಲೆ ಕೂರಿಸಿ. ಇಡೀ ಸೈಕಲ್ ಬೇಡ. ಪೆಡಲ್ಲು, ಪೆಡಲ್ಲಿನ ಗಾಲಿ, ಅಲ್ಲಿಂದ ಹಿಂದಿನ ಚಕ್ರದ ಗಾಲಿಗೆ ಹೋಗುವ ಚೈನು, ಇಷ್ಟೇ ಬಿಡಿಸಲಿ. ಬೆರಳಿನಿಂದ ಚೈನಿನ ದಾರಿಯನ್ನು ಮುಟ್ಟಿ ನೋಡಲಿ, ಪೆಡಲ್ ತಿರುಗಿಸಿ ಚಕ್ರ ಸುತ್ತುವುದನ್ನು ನೋಡಲಿ. ದೊಡ್ಡವರಿಗೆ ನೋಡದೆ ಸೈಕಲ್ ಬಿಡಿಸಿ ಅಂದರೆ ಬಹಳ ಜನ ಚೈನನ್ನು ಮುಂದಿನ ಚಕ್ರಕ್ಕೂ ಸುತ್ತಿಬಿಡುತ್ತಾರೆ, ಇದನ್ನು ಅವನಿಗೆ ಹೇಳಿ, ಕಷ್ಟದ ಕೆಲಸವೆಂದು ತಿಳಿಯಲಿ. ರಬ್ಬರನ್ನು ಎತ್ತಿಡಿ. ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಎಳೆಯಲಿ.

ರೆಕ್ಕೆಯ ಕುರ್ಚಿಯ ಹಾಳೆಯನ್ನು ಈಗ ತೆಗೆದು ತೋರಿಸಬೇಡಿ. ‘ಆಗ ಎಷ್ಟು ಚೆನ್ನಾಗಿತ್ತು’ ಎಂದಂತಾಗುತ್ತದೆ. ಸೈಕಲ್ ಒಂದು ಹದಕ್ಕೆ ಬರಲಿ. ಆಮೇಲೆ ಅದಕ್ಕೆ ರೆಕ್ಕೆ ಬೇಕೋ ಚಪ್ಪಲಿ ಬೇಕೋ ಅವನೇ ನೋಡಿಕೊಳ್ಳುತ್ತಾನೆ. ಚಿತ್ರ ಮುಗಿದರೆ ನನಗೊಂದು ಫೋಟೊ ಕಳಿಸಿ, ಬಿಡಿಸುವಾಗ ಅವನು ಏನೆಂದ ಎಂಬುದನ್ನೂ ಬರೆಯಿರಿ.